ಸಂಕೋಚಕ್ಕೆ ಮುಲಾಮು ಹಚ್ಚಿದರೆ ಕಾಯಿಲೆ ಹೋಗದು

ತೊಡೆಸಂದಿನಲ್ಲಿ ಕಡಿತ ಶುರುವಾದ ಗಂಡಸು ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ. ಹಾಸನ ಜಿಲ್ಲೆಯ ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿ ನೋಡಿದರೂ ಇದರ ಕ್ರಮ ಒಂದೇ. ಬೇರೆ ಗಿರಾಕಿಗಳು ಹೋಗುವ ತನಕ ಪಕ್ಕಕ್ಕೆ ನಿಂತು, ‘ಹೀಟಾಗಿದೆ, ಕಡಿತ ಜಾಸ್ತಿ, ಒಂದು ಟ್ಯೂಬ್ ಕೊಡಿ’ ಎಂದು ಮೆಲ್ಲಗೆ ಕೇಳಿದರೆ ಮುಗಿಯಿತು. ಎಲ್ಲಿ ಕಡಿತ ಎಂದು ಅಂಗಡಿಯವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಎರಡು ನಿಮಿಷದ ಈ ವ್ಯವಹಾರದಲ್ಲಿ ಒಬ್ಬ ಮನುಷ್ಯನ ಮರ್ಯಾದೆ ಉಳಿಯಿತು ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಕಳೆದೊಂದು ದಶಕದಲ್ಲಿ ಇಂಥ ಕಡಿತ ತರುವ ಹುಳುಕಡ್ಡಿ ನಮ್ಮ ದೇಶದಲ್ಲಿ ತಾಳಿರುವ ರೂಪ ನೋಡಿದರೆ ಹಾಗೆ ಸುಮ್ಮನಿರುವಂತಿಲ್ಲ. ಗಂಡಸಿನ ಸಂಕೋಚದ ಬೆಲೆಯನ್ನು ಅವನ ಹೆಂಡತಿ, ಮಕ್ಕಳು, ಕೊನೆಗೆ ಇಡೀ ಊರು ತೆರುತ್ತಿದೆ. ಹೀಗಿರುವಾಗ ಅದನ್ನು ಮೀರುವ ಹೊಣೆಯನ್ನು ಅವನೊಬ್ಬನ ಧೈರ್ಯಕ್ಕೆ ಬಿಡುವುದು ತಪ್ಪು. ಸಂಕೋಚಪಡುವವನೂ ಬಂದು ತೋರಿಸಿಕೊಂಡು ಹೋಗುವಂಥ ಏರ್ಪಾಡು ಸರ್ಕಾರಿ ಆಸ್ಪತ್ರೆಯಲ್ಲೇ ಇರಬೇಕು.

ಆ ಟ್ಯೂಬಿನೊಳಗೆ ಏನಿದೆ ಎಂಬುದರಿಂದಲೇ ವಾದ ಶುರುಮಾಡಬೇಕು. ಬಹಳಷ್ಟು ಸಲ ಅದೊಂದು ಮಿಶ್ರಣ. ಶಿಲೀಂಧ್ರಕ್ಕೆ ಕ್ಲೋಟ್ರಿಮಝೋಲ್ ಅಥವಾ ಟರ್ಬಿನಾಫಿನ್, ಬ್ಯಾಕ್ಟೀರಿಯಾಕ್ಕೆ ನಿಯೋಮೈಸಿನ್ ಅಥವಾ ಓಫ್ಲಾಕ್ಸಾಸಿನ್, ಇವುಗಳ ಜೊತೆಗೆ ಬೀಟಾಮೆಥಸೋನ್ ಅಥವಾ ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡ್. ಹುಳುಕಡ್ಡಿಯ ಶಿಲೀಂಧ್ರ ಚರ್ಮದ ಮೇಲ್ಪದರದ ಕೆರಟಿನ್ ತಿಂದು ಬದುಕುತ್ತದೆ. ಅದನ್ನು ಹೊರಹಾಕಲು ದೇಹ ನಡೆಸುವ ಹೋರಾಟವೇ ನಮಗೆ ಕೆಂಪಾಗಿ, ತುರಿಕೆಯಾಗಿ ಕಾಣುವುದು. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ಎರಡು ಮೂರು ದಿನಕ್ಕೆ ಕಡಿತ ನಿಂತು, ‘ಒಳ್ಳೇ ಮದ್ದು’ ಎಂಬ ಹೆಸರು ಬರುತ್ತದೆ. ಹಚ್ಚುವುದು ಬಿಟ್ಟ ಕೆಲವೇ ದಿನಗಳಲ್ಲಿ ಕಡಿತ ಮರಳುತ್ತದೆ, ಈ ಸಲ ಸೊಂಟ, ಪೃಷ್ಠದವರೆಗೂ ಹಬ್ಬಿರುತ್ತದೆ. ಉಂಗುರದ ಸ್ಪಷ್ಟ ಅಂಚು ಅಳಿಸಿ ಅಥವಾ ಉಂಗುರದೊಳಗೆ ಉಂಗುರ ಎದ್ದು, ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಜಾಗವೂ ಇಲ್ಲಿ ಮುಖ್ಯ. ಹಚ್ಚಿದ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ದೇಹದ ಯಾವ ಭಾಗದಲ್ಲಿ ಎಷ್ಟು ಒಳಗಿಳಿಯುತ್ತದೆ ಎಂದು 1967ರಲ್ಲಿ ಸಂಶೋಧಕರಾದ ಫೆಲ್ಡ್‌ಮನ್ ಮತ್ತು ಮೈಬಾಕ್ ಅಳೆದಾಗ, ಮುಂಗೈಗಿಂತ ವೃಷಣದ ಚರ್ಮದಲ್ಲಿ ಅದು 42 ಪಟ್ಟು ಹೆಚ್ಚೆಂದು ಕಂಡುಬಂದಿತ್ತು. ಅಂಥ ತೆಳು ಚರ್ಮಕ್ಕೆ ಅತಿ ಪ್ರಬಲ ವರ್ಗದ ಕ್ಲೋಬೆಟಸಾಲನ್ನು ತಿಂಗಳುಗಟ್ಟಲೆ ತಿಕ್ಕಿದರೆ ಚರ್ಮ ಇನ್ನೂ ತೆಳುವಾಗಿ ಸದಾ ಉರಿಯುತ್ತದೆ. ತೊಡೆಯ ಮೇಲೆ ಬಸುರಿಯರ ಹೊಟ್ಟೆಯಲ್ಲಿ ಮೂಡುವಂಥ ಗೆರೆಗಳು ಬೀಳುತ್ತವೆ, ಅವು ಮತ್ತೆ ಅಳಿಯುವುದಿಲ್ಲ.

ಇದು ಒಬ್ಬನ ಚರ್ಮಕ್ಕೆ ಆಗುವ ಹಾನಿ. ಊರಿಗಾಗುವ ಹಾನಿ ಬೇರೆಯೇ ಇದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಸಿಕ್ಕ ಒಂದು ಶಿಲೀಂಧ್ರಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಅದರ ಹಲವು ತಳಿಗಳು ಟರ್ಬಿನಾಫಿನ್‌ಗೆ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಅದು ಪತ್ತೆಯಾಯಿತು. ಸ್ಟೀರಾಯ್ಡ್ ಮಿಶ್ರಣಗಳ ಮನಬಂದಂಥ ಬಳಕೆ ಈ ಹರಡುವಿಕೆಗೆ ದೊಡ್ಡ ಕಾರಣಗಳಲ್ಲಿ ಒಂದೆಂದು ಚರ್ಮರೋಗ ತಜ್ಞರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಸರ್ಕಾರ ಕೈಕಟ್ಟಿ ಕೂತಿಲ್ಲ. 2018ರ ಮಾರ್ಚ್‌ನಲ್ಲಿ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ 328 ಮಿಶ್ರ ಔಷಧಗಳನ್ನು ನಿಷೇಧಿಸಿತು, ಸ್ಟೀರಾಯ್ಡ್ ಬೆರೆತ ಕೆಲವು ಚರ್ಮದ ಮುಲಾಮುಗಳೂ ಅವುಗಳಲ್ಲಿದ್ದವು. ಕಾನೂನು ಇಷ್ಟಿದ್ದೂ ‘ಒಂದು ಟ್ಯೂಬ್ ಕೊಡಿ’ ಎಂದರೆ ಟ್ಯೂಬ್ ಸಿಗುತ್ತದೆ. ಕೇಳುವವನಿಗೆ ಬೇರೆ ಕಡೆ ಹೋಗಲು ಮನಸ್ಸಿಲ್ಲದ ತನಕ ಕೊಡುವವನನ್ನು ತಡೆಯುವುದು ಸುಲಭವಲ್ಲ.

ಮನಸ್ಸು ಯಾಕಿಲ್ಲ? ಆ ಜಾಗದಲ್ಲಿ ಏನಾದರೂ ಎದ್ದರೆ ಅದು ನಡತೆಗೆಟ್ಟಿದ್ದರ ಫಲ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿರುವುದರಿಂದ. ವಾಸ್ತವ ಬೇರೆ. ಗದ್ದೆಯ ನೀರಿನಲ್ಲಿ ದಿನವಿಡೀ ನಿಂತವರಿಗೆ, ರಾಮನಾಥಪುರದ ಕಡೆ ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆವರುವವರಿಗೆ, ಬಿಗಿ ಜೀನ್ಸ್ ತೊಟ್ಟು ಬೈಕಿನಲ್ಲಿ ಅಲೆಯುವವರಿಗೆ ಸಂದಿನ ಹುಳುಕಡ್ಡಿ ಬರಲು ಒದ್ದೆ ಮತ್ತು ಬೆವರು ಸಾಕು. ರಾತ್ರಿ ಹೊತ್ತು ಹೆಚ್ಚುವ ತುರಿಕೆ, ಶಿಶ್ನ ಮತ್ತು ವೃಷಣದ ಮೇಲೆ ಗಂಟುಗಂಟಾದ ಗುಳ್ಳೆ ಇದ್ದರೆ ಅದು ಬಹುತೇಕ ಕಜ್ಜಿ. ಮನೆಯ ಎಲ್ಲರೂ ಒಂದೇ ದಿನ ಕತ್ತಿನಿಂದ ಕಾಲಿನವರೆಗೆ ಪರ್ಮೆಥ್ರಿನ್ ಹಚ್ಚಿಕೊಂಡು, ವಾರ ಬಿಟ್ಟು ಇನ್ನೊಮ್ಮೆ ಹಚ್ಚದಿದ್ದರೆ ಅದು ಮನೆಯೊಳಗೇ ಸುತ್ತುತ್ತಿರುತ್ತದೆ. ಮುಂದೊಗಲು ಬಿರಿದು, ಮೊಸರಿನಂಥ ಬಿಳುಪು ಕಟ್ಟಿಕೊಂಡರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು. ಎಷ್ಟೋ ಜನರಿಗೆ ಡಯಾಬಿಟಿಸ್ ಇರುವುದು ಗೊತ್ತಾಗುವುದೇ ಹೀಗೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ನುಂಗುವವರಲ್ಲೂ ಈ ಸೋಂಕು ಸಾಮಾನ್ಯ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಸಂಸಾರಗಳಲ್ಲಿ ಅದು ಮಾಡುವ ಅನಾಹುತ ದೊಡ್ಡದು. ಮೈಕೈ ನೋವಿಗೋ ಭೇದಿಗೋ ಅಂಗಡಿಯಿಂದ ತಂದ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಕೆಲವರ ಶಿಶ್ನದ ತುದಿಯಲ್ಲಿ ದುಂಡನೆಯ ಕೆಂಪು ಮಚ್ಚೆ ಎದ್ದು, ಉರಿದು, ಕೆಲವೊಮ್ಮೆ ಬೊಬ್ಬೆ ಒಡೆಯುತ್ತದೆ. ವಾಸಿಯಾದ ಮೇಲೆ ಅಲ್ಲಿ ಕಪ್ಪು ಕಲೆ ಉಳಿಯುತ್ತದೆ. ಮುಂದೆ ಅದೇ ಮಾತ್ರೆ ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಇದು ಔಷಧದ ಅಲರ್ಜಿ. ಕೋಟ್ರೈಮಾಕ್ಸಝೋಲ್, ಡಾಕ್ಸಿಸೈಕ್ಲಿನ್, ಕೆಲವು ನೋವಿನ ಮಾತ್ರೆಗಳಿಂದ ಬರುವಂಥದ್ದು. ಇಲ್ಲಿ ಬೇಕಾದ ಚಿಕಿತ್ಸೆ ಆ ಮಾತ್ರೆ ಯಾವುದೆಂದು ಗುರುತಿಸಿ ನಿಲ್ಲಿಸುವುದು. ಅದು ತಿಳಿಯದೆ ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಶಂಕಿಸುತ್ತ ವರ್ಷ ಕಳೆಯುವುದುಂಟು. ಶಿಶ್ನದ ಅಂಚಿನಲ್ಲಿ ಸಾಲಾಗಿ ಇರುವ ಸಣ್ಣ ಮುತ್ತಿನಂಥ ಗುಳ್ಳೆಗಳೋ ಕಾಯಿಲೆಯೇ ಅಲ್ಲ. ಅವಕ್ಕೆ ಹೆದರಿದ ಹುಡುಗರೇ ಬಸ್ ನಿಲ್ದಾಣದ ಗೋಡೆಯ ‘ಗುಪ್ತರೋಗ ತಜ್ಞ’ರ ಸುಲಭ ಬೇಟೆ.

ಇಲ್ಲೊಂದು ಗಟ್ಟಿ ಆಕ್ಷೇಪಕ್ಕೆ ಎಡೆಯಿದೆ. ‘ಬಹುಪಾಲು ನಿರುಪದ್ರವಿ ಎಂದು ಸಾರಿದರೆ ನಿಜವಾದ ಲೈಂಗಿಕ ರೋಗವಿದ್ದವರೂ ಉದಾಸೀನ ಮಾಡುತ್ತಾರೆ’ ಎಂಬುದು ಅದು. ಆತಂಕ ಸರಿಯೇ. ನೋವಿಲ್ಲದ ಒಂಟಿ ಹುಣ್ಣು, ಗುಂಪಾಗಿ ಏಳುವ ಉರಿಗುಳ್ಳೆ, ಮೂತ್ರನಾಳದಿಂದ ಕೀವು, ಹೂಕೋಸಿನಂತೆ ಬೆಳೆಯುವ ನರುಲಿ, ವಾರಗಟ್ಟಲೆ ಮಾಯದ ಗಾಯ ಕಂಡರೆ ಒಂದು ದಿನವೂ ಕಾಯಬಾರದು. ಕೊನೆಯದು ಕ್ಯಾನ್ಸರಿನ ಸುಳಿವೂ ಆಗಿರಬಹುದು. ಸಿಫಿಲಿಸ್‌ನ ಮೊದಲ ಹುಣ್ಣು ಚಿಕಿತ್ಸೆ ಇಲ್ಲದೆಯೂ ಕೆಲವು ವಾರಗಳಲ್ಲಿ ಮಾಯುತ್ತದೆ, ರೋಗ ಮಾತ್ರ ಒಳಗೇ ಉಳಿದು ಹೆಂಡತಿಗೆ, ಅವಳ ಹೊಟ್ಟೆಯ ಕೂಸಿಗೆ ದಾಟುತ್ತದೆ. ಆರಂಭದಲ್ಲೇ ಬಂದರೆ ಸಾಮಾನ್ಯವಾಗಿ ಬೆಂಜಥೀನ್ ಪೆನಿಸಿಲಿನ್ನಿನ ಒಂದೇ ಸಲದ ಇಂಜೆಕ್ಷನ್ ಸಾಕು. ಆದರೆ ಇವರನ್ನೂ ಆಸ್ಪತ್ರೆಯಿಂದ ದೂರ ಇಟ್ಟಿರುವುದು ಅದೇ ನಡತೆಯ ಭಯ. ಹುಳುಕಡ್ಡಿಯವನನ್ನು ಟ್ಯೂಬಿನ ಹಿಂದೆ ಅಡಗಿಸುವ ನಾಚಿಕೆಯೇ ಸಿಫಿಲಿಸ್‌ನವನನ್ನೂ ಅಡಗಿಸುತ್ತದೆ. ಆ ಭಯ ಇಳಿದರೆ ಇಬ್ಬರೂ ಹೊರಗೆ ಬರುತ್ತಾರೆ. ಯಾವುದು ಯಾವುದೆಂದು ಕಣ್ಣಿಂದ ನೋಡಿ, ಬೇಕಿದ್ದರೆ ರಕ್ತ ಪರೀಕ್ಷಿಸಿ ತೀರ್ಮಾನಿಸುವುದು ವೈದ್ಯರ ಕೆಲಸ.

ಎರಡನೆಯ ಆಕ್ಷೇಪ ದುಡ್ಡಿನದು. ದಿನಗೂಲಿ ಬಿಟ್ಟು, ಬಸ್ ಹಿಡಿದು, ಸಾಲಿನಲ್ಲಿ ನಿಲ್ಲುವುದಕ್ಕಿಂತ ಅಗ್ಗದ ಟ್ಯೂಬೇ ವಾಸಿಯಲ್ಲವೇ? ಒಂದೇ ಟ್ಯೂಬಿನ ಲೆಕ್ಕವಾದರೆ ಹೌದು. ಅದು ಎಂದೂ ಒಂದಕ್ಕೆ ನಿಲ್ಲುವುದಿಲ್ಲ. ಕೆಟ್ಟ ಮೇಲೆ ತಿಂಗಳುಗಟ್ಟಲೆ ಇಟ್ರಾಕೊನಝೋಲ್ ನುಂಗಬೇಕಾಗಿ ಬಂದಾಗ, ಮನೆಯ ಮೂರ್ನಾಲ್ಕು ಜನಕ್ಕೂ ಹಬ್ಬಿದಾಗ ಬೀಳುವ ಖರ್ಚು ಒಂದು ದಿನದ ಕೂಲಿಗಿಂತ ಎಷ್ಟೋ ಪಾಲು ಹೆಚ್ಚು. ಬಡವರಿಗೆ ಅಂಗಡಿಯ ಬಾಗಿಲು ಮುಚ್ಚಿ ಎಂದೂ ಯಾರೂ ಹೇಳುತ್ತಿಲ್ಲ. ಸ್ಟೀರಾಯ್ಡ್ ಬೆರೆಯದ ಸಾದಾ ಕ್ಲೋಟ್ರಿಮಝೋಲ್ ಕೊಟ್ಟು, ಹಚ್ಚಿಯೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸುವ ಫಾರ್ಮಸಿಸ್ಟ್ ಊರಿಗೆ ಉಪಕಾರಿಯೇ. ಔಷಧ ನಿಯಂತ್ರಣ ಅಧಿಕಾರಿಗಳು ಹಿಡಿಯಬೇಕಿರುವುದು ಸ್ಟೀರಾಯ್ಡ್ ಮಿಶ್ರಣವನ್ನು ಚೀಟಿಯಿಲ್ಲದೆ ಕೊಡುವ ಕೈಯನ್ನು.

ಹಾಗಾದರೆ ಗಂಡಸು ಹೋಗುವುದಾದರೂ ಎಲ್ಲಿಗೆ? ನಮ್ಮ ವ್ಯವಸ್ಥೆಯ ನಿಜವಾದ ಕೊರತೆ ಇಲ್ಲಿದೆ. ಬಸುರಿಯಾದ ಹೆಣ್ಣಿಗೆ ತಾಯಿ ಕಾರ್ಡಿನ ಜೊತೆಗೇ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಆಗುತ್ತದೆ. ಗಂಡನಿಗೆ ಸೋಂಕಿದೆ ಎಂಬುದು ಎಷ್ಟೋ ಸಲ ಅವಳ ರಕ್ತದಿಂದ ತಿಳಿಯುತ್ತದೆ. ಹೆಣ್ಣುಮಕ್ಕಳಿಗೆ ಆಶಾ ಕಾರ್ಯಕರ್ತೆ ಮನೆಬಾಗಿಲಲ್ಲಿದ್ದಾರೆ. ಗಂಡಸರ ಜೊತೆ ಇಂಥ ಮಾತಾಡಬಲ್ಲ ಪುರುಷ ಆರೋಗ್ಯ ಸಿಬ್ಬಂದಿ, ಅಂದರೆ ಈಗಿನ ಆರೋಗ್ಯ ನಿರೀಕ್ಷಣಾಧಿಕಾರಿ, ಹೆಚ್ಚಾಗಿ ಲಾರ್ವಾ ಸಮೀಕ್ಷೆ, ಮಲೇರಿಯಾ ರಕ್ತಲೇಪನಗಳಲ್ಲೇ ಮುಳುಗಿರುತ್ತಾರೆ. ಸೌಲಭ್ಯ ಇಲ್ಲವೆಂದಲ್ಲ. ಹಾಸನದಲ್ಲಿ 2006ರಿಂದ ಹಿಮ್ಸ್ ವೈದ್ಯಕೀಯ ಕಾಲೇಜು ಇದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲಕ್ಷಣಕ್ಕೆ ತಕ್ಕ ಬಣ್ಣದ ಪೊಟ್ಟಣದಲ್ಲಿ ಮಾತ್ರೆ ಉಚಿತವಾಗಿ ಸಿಗುತ್ತದೆ, ಮೂತ್ರನಾಳದ ಕೀವಿಗೆ ಬೂದು, ಹರ್ಪಿಸ್ ಹುಣ್ಣಿಗೆ ಕೆಂಪು ಎಂಬಂತೆ. 1097ಕ್ಕೆ ಪುಕ್ಕಟೆ ಕರೆ ಮಾಡಿ ಹೆಸರು ಹೇಳದೆ ಸಲಹೆ ಕೇಳಬಹುದು. ಎಚ್‌ಐವಿ ವಿಷಯದಲ್ಲಿ ಗೋಪ್ಯತೆಯನ್ನು 2017ರ ಕಾಯ್ದೆಯೇ ಕಡ್ಡಾಯಗೊಳಿಸಿದೆ. ಆದರೆ ಸಂದಿನ ತುರಿಕೆಯವನಿಗೆ ‘ಏಡ್ಸ್’ ಎಂಬ ಹೆಸರು ಕಂಡ ಕಡೆ ಕಾಲಿಡಲು ಭಯ. ‘ಚರ್ಮ, ಲೈಂಗಿಕ ಮತ್ತು ಕುಷ್ಠರೋಗ ವಿಭಾಗ’ ಎಂಬ ಬೋರ್ಡಿನ ಕೆಳಗೆ ಊರಿನವರ ಕಣ್ಣೆದುರು ಕೂರಲೂ ಹಿಂಜರಿಕೆ.

ಇದಕ್ಕೆ ಬೇಕಿರುವುದು ಕೋಟಿಗಟ್ಟಲೆಯ ಯೋಜನೆಯಲ್ಲ. ಹೋಬಳಿ ಮಟ್ಟದ ಆಸ್ಪತ್ರೆಯಲ್ಲೂ ಒಂದು ಪರದೆ, ಮುಚ್ಚುವ ಬಾಗಿಲು, ವಾರಕ್ಕೊಂದು ಸಂಜೆ ಕೆಲಸ ಮುಗಿಸಿ ಬರುವ ಗಂಡಸರಿಗೆಂದು ಕಾದಿಟ್ಟ ಹೊತ್ತು. ಹೊರಗಿನ ಬೋರ್ಡಿನಲ್ಲಿ ಪುರುಷರ ಆರೋಗ್ಯ ಎಂದಿದ್ದರೆ ಸಾಕು. ಬಿಪಿ, ಸಕ್ಕರೆ ನೋಡುವ ಜೊತೆಗೇ ‘ಸಂದಿನಲ್ಲಿ ಕಡಿತ ಇದೆಯಾ’ ಎಂದು ಎಲ್ಲರನ್ನೂ ಕೇಳುವ ರೂಢಿ ಬಂದರೆ, ಯಾರೂ ತಾವಾಗಿ ಬಾಯಿಬಿಡಬೇಕಾದ ಕಷ್ಟ ಇರುವುದಿಲ್ಲ. ಚೀಟಿ ಬರೆಯುವ ಮುನ್ನ ವೈದ್ಯರು ಬಟ್ಟೆ ಸರಿಸಿ ನೋಡಲೇಬೇಕು. ನೋಡದೆ ಬರೆದರೆ ಅಂಗಡಿಗೂ ಆಸ್ಪತ್ರೆಗೂ ವ್ಯತ್ಯಾಸ ಉಳಿಯುವುದಿಲ್ಲ. ಗಂಡಸರ ಪಾಲಿನ ಕೆಲಸವೂ ಕಡಿಮೆಯೇ. ಸಂದು ಒಣಗಿಸಿಕೊಳ್ಳುವುದು, ಹತ್ತಿಯ ಒಳಉಡುಪು ತೊಡುವುದು, ಟವೆಲ್ ಹಂಚಿಕೊಳ್ಳದಿರುವುದು, ಕಡಿತ ನಿಂತರೂ ವೈದ್ಯರು ಹೇಳಿದಷ್ಟು ದಿನ ಮದ್ದು ಹಚ್ಚುವುದು, ಈಗಾಗಲೇ ಹಚ್ಚುತ್ತಿರುವ ಟ್ಯೂಬನ್ನು ಮುಚ್ಚಿಡದೆ ಡಾಕ್ಟರಿಗೆ ತೋರಿಸುವುದು. ಆಸ್ಪತ್ರೆ ತನ್ನ ಪಾಲಿನದನ್ನು ಮೊದಲು ಮಾಡಲಿ. ಆಗ ಮಾತ್ರ ‘ಯಾಕಯ್ಯಾ ಇಷ್ಟು ದಿನ ಮುಚ್ಚಿಟ್ಟೆ’ ಎಂದು ರೋಗಿಯನ್ನು ಕೇಳುವ ಹಕ್ಕು ಅದಕ್ಕೆ ಬರುತ್ತದೆ.