ಹೊಲದ ಮಣ್ಣು ಮಾರಬಾರದು



ಮಳೆಗಾಲದಲ್ಲಿ ನಮ್ಮೆಲ್ಲರ ಬಿಳಿ ಅಂಗಿ ಕೆಂಪಾಗುತ್ತವೆ. ಎಷ್ಟು ತಿಕ್ಕಿದರೂ ಹೋಗೂದಿಲ್ಲ. "ಈ ಖಾನಾಪುರದ ಮಣ್ಣಿಗೆ ಏನ್ ಹಚ್ಯಾರೋ ಏನೋ" ಎಂದು ನಮ್ಮವ್ವ ಬೈಯುತ್ತಾಳೆ. ಏನು ಹಚ್ಚಿದ್ದಾರೆಂದು ನನಗೆ ಈಗ ತಿಳಿಯಿತು. ಅದು ಜಂಗು. ಪುಸ್ತಕದಲ್ಲಿ ತುಕ್ಕು ಎನ್ನುತ್ತಾರೆ.

ನಮ್ಮ ಮಾಮಾ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಕೆಲಸಕ್ಕೆ ಹೋಗುತ್ತಾರೆ. ಹೊರಗೆ ಇಟ್ಟ ಬೀಡು ಕಬ್ಬಿಣ ಮಳೆಗೆ ನೆನೆದರೆ ಬೇಗ ಹಳದಿ ಕಂದು ಆಗುತ್ತದೆ ಎಂದು ಅವರು ಹೇಳಿದರು. ನಾನು ಮನೆಯಲ್ಲಿ ಎರಡು ಲೋಟ ಇಟ್ಟು ನೋಡಿದೆನು. ಒಂದರಲ್ಲಿ ನೀರು ಮತ್ತು ಮೊಳೆ, ಇನ್ನೊಂದರಲ್ಲಿ ಉಪ್ಪು ನೀರು ಮತ್ತು ಮೊಳೆ. ಉಪ್ಪು ನೀರಿನ ಮೊಳೆಗೆ ಮೊದಲು ಜಂಗು ಬಂತು. ನಾಲ್ಕು ದಿನಕ್ಕೆ ತಳದಲ್ಲಿ ಅರಿಷಿಣ ಕಂದು ಬಣ್ಣದ ಗಸಿ ಕೂತಿತ್ತು.

ಈ ಜಾತಿಯ ಪದಾರ್ಥಕ್ಕೆ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡ್ ಎನ್ನುತ್ತಾರೆ. ಹೆಸರು ಉದ್ದ, ಆದರೆ ಒಳಗೆ ಇರುವುದು ಮೂರೇ: ಕಬ್ಬಿಣ, ಆಮ್ಲಜನಕ, ಜಲಜನಕ. ಮಣ್ಣಿನಲ್ಲಿ ಸಿಗುವ ಇಂಥ ಒಂದು ಖನಿಜಕ್ಕೆ 1806ರಲ್ಲಿ ಜರ್ಮನಿಯ ಕವಿ ಗಯಟೆಯವರ ಗೌರವಕ್ಕೆ ಗೋಯ್ಥೈಟ್ ಎಂದು ಹೆಸರಿಟ್ಟರು. ಜಂಗಿಗೆ ಕವಿಯ ಹೆಸರು ಇಟ್ಟದ್ದಕ್ಕೆ ನನಗೆ ನಗು ಬಂತು. ಅವರಿಗೆ ಕಲ್ಲು ಕೂಡಿಸುವ ಹವ್ಯಾಸ ಇತ್ತಂತೆ.

ಆಮೇಲೆ ತಗ್ಗಿನ ಹಳದಿ ಮಣ್ಣು ತಂದು ಹಳೇ ಹಂಚಿನ ಮೇಲೆ ಹುರಿದೆನು. ಅದು ಕೆಂಪಾಯಿತು! ಸುಮಾರು 250ರಿಂದ 300 ಡಿಗ್ರಿ ಕಾವಿಗೆ ಗೋಯ್ಥೈಟಿನ ಒಳಗಿನ ನೀರು ಹೋಗಿ ಕೆಂಪು ಹೆಮಟೈಟ್ ಉಳಿಯುತ್ತದೆ. ನಮ್ಮ ಖಾನಾಪುರದ ಹಂಚು, ಇಟ್ಟಿಗೆ, ಗಡಿಗೆ ಕೆಂಪಗೆ ಇರುವುದು ಮಣ್ಣಿನ ಈ ಕಬ್ಬಿಣದಿಂದಲೇ.

ಈ ಪದಾರ್ಥ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷ ಇದಕ್ಕೆ ಅಂಟಿಕೊಳ್ಳುತ್ತದೆ. ಮದ್ರಾಸ್ ಐ.ಐ.ಟಿ.ಯ ಪ್ರೊಫೆಸರ್ ಟಿ. ಪ್ರದೀಪ್ ಅವರ ತಂಡ ಇಂಥದೇ ಬಹಳ ಸಣ್ಣ ಕಣಗಳಿಂದ ನೀರು ಸೋಸುವ ವಿಧಾನ ಮಾಡಿದೆ. ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಅಂದರೆ ಜಂಗು ಎಂದು ಹೀಯಾಳಿಸಬಾರದು.

ಈಗ ನನ್ನ ಮುಖ್ಯ ಮಾತು. ಎರಡು ವರ್ಷದ ಹಿಂದೆ ನಮ್ಮ ಮನೆಯವರು ಹೊಲದ ಮೇಲಿನ ಒಂದು ಮೊಳ ಮಣ್ಣನ್ನು ಇಟ್ಟಿಗೆ ಭಟ್ಟಿಗೆ ಕೊಟ್ಟರು. ಅಕ್ಕನ ಲಗ್ನ ಇತ್ತು, ರೊಕ್ಕ ಬೇಕಿತ್ತು. ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದರೆ ಆ ಹೊಲದಲ್ಲಿ ಈಗ ಭತ್ತ ಮೊದಲಿನ ಹಾಗೆ ಬರೂದಿಲ್ಲ. ಕೆಳಗಿನ ಮಣ್ಣು ಬಿಸಿಲಿಗೆ ಕಲ್ಲಾಗಿದೆ. ಮಳೆ ಬಿದ್ದರೆ ನೀರು ಇಂಗದೆ ಹರಿದು ಹೋಗುತ್ತದೆ.

ಇದು ಯಾಕೆ? ಜಾಸ್ತಿ ಮಳೆ ಬೀಳುವ ಕಡೆ ನೀರು ಮಣ್ಣಿನ ಸುಣ್ಣ ಮುಂತಾದ್ದನ್ನು ತೊಳೆದು ಒಯ್ಯುತ್ತದೆ. ಕಬ್ಬಿಣ ಕರಗದೆ ಹಿಂದೆ ಉಳಿಯುತ್ತದೆ. ಕಣಕುಂಬಿ, ಜಾಂಬೋಟಿ ಕಡೆಯ ಜಂಬಿಟ್ಟಿಗೆ ಕಲ್ಲು ಹೀಗೇ ಆದದ್ದು. ಈ ಮಣ್ಣು ಹಸಿ ಇದ್ದಾಗ ಕೊಯ್ಯಲು ಬರುತ್ತದೆ, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1807ರಲ್ಲಿ ಬುಕಾನನ್ ಎಂಬವರು ಮಲಬಾರಿನಲ್ಲಿ ಇದನ್ನು ನೋಡಿದ್ದನ್ನು ಪುಸ್ತಕದಲ್ಲಿ ಬರೆದು ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ. ಬೆಳೆ ಬೆಳೆಯುವುದು ಎಲೆ, ಗೊಬ್ಬರ ಕೊಳೆತು ಸೇರಿದ ಮೇಲಿನ ಮೆತ್ತನೆ ಮಣ್ಣಿನಲ್ಲಿ. ಅದನ್ನು ತೆಗೆದರೆ ಹೊಲವೇ ಇಟ್ಟಿಗೆ ಆಗುತ್ತದೆ!

"ಇಟ್ಟಿಗಿ ಮಾಡದಿದ್ರ ಹೊಟ್ಟಿಗೇನ್ ತಿನ್ನೂದು?" ಎಂದು ಕೆಲವರು ಕೇಳುತ್ತಾರೆ. ಖರೇ ಐತಿ. ಭಟ್ಟಿಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ನಾನು ಭಟ್ಟಿ ಬಂದ್ ಮಾಡಿರಿ ಎನ್ನುವುದಿಲ್ಲ. ಆದರೆ ರೊಕ್ಕ ಒಂದು ಸಲ ಬರುತ್ತದೆ, ಬೆಳೆ ಪ್ರತಿ ವರ್ಷ ಬರುತ್ತದೆ. ನನ್ನ ವಿಚಾರ ಹೀಗಿದೆ:

1. ಮೇಲಿನ ಮಣ್ಣನ್ನು ಮಾರಬಾರದು. ಕೆಳಗಿನ ಮಣ್ಣು ತೆಗೆಯಲೇಬೇಕಾದರೆ ಮೇಲಿನದನ್ನು ಬೇರೆ ಗುಂಪಿ ಹಾಕಿ, ಕೆಲಸ ಮುಗಿದ ಮೇಲೆ ತಿರುಗಿ ಹರಡಬೇಕು.

2. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗ್ರಾಮ ಪಂಚಾಯತಿಯವರನ್ನು ಕೇಳಿ ಹೂಳು ತೆಗೆಯಬೇಕು. ಇಟ್ಟಿಗೆಗೆ ಮಣ್ಣೂ ಸಿಗುತ್ತದೆ, ಕೆರೆಯೂ ಆಳವಾಗುತ್ತದೆ.

3. ಈಗಾಗಲೇ ಮಣ್ಣು ಹೋದ ಹೊಲಕ್ಕೆ ತಿಪ್ಪೆ ಗೊಬ್ಬರ, ಸೊಪ್ಪು ಹಾಕಿ ಬದುವು ಕಟ್ಟಬೇಕು. ನಾನು ಮತ್ತು ಅಪ್ಪ ಈ ವರ್ಷ ಶುರು ಮಾಡಿದ್ದೇವೆ.

ನಿಮ್ಮ ಮನೆಯಲ್ಲಿ ಮಣ್ಣು ಕೊಡುವ ಮಾತು ನಡೆದಿದ್ದರೆ ಇದನ್ನು ಓದಿ ಹೇಳಿರಿ. ನನ್ನ ಮಾತು ತಪ್ಪು ಅನಿಸಿದರೆ ಮುಂದಿನ ಸಂಚಿಕೆಗೆ ಬರೆದು ಇದೇ ಗೋಡೆಗೆ ಅಂಟಿಸಿರಿ. ನಾನು ಓದುತ್ತೇನೆ.

— 7ನೇ ಇಯತ್ತೆಯ ವಿದ್ಯಾರ್ಥಿನಿ