ಸಂಬಳ ಬೆಂಗಳೂರಿನದು, ಸಂಸಾರ ಹೊರದೇಶದ್ದು

ಇತ್ತೀಚಿನ ವರ್ಷಗಳಲ್ಲಿ ನಮ್ಮ ಸದಸ್ಯರ ಮನೆಗಳಲ್ಲಿ ಒಂದು ಹೊಸ ಬಗೆಯ ನೌಕರಿ ಕಾಣಿಸಿಕೊಂಡಿದೆ. ಮಗನೋ ಮಗಳೋ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕಿರುತ್ತಾರೆ. ಮದುವೆಯಾಗಿ, ಅಥವಾ ಗಂಡ ಹೆಂಡಿರಲ್ಲಿ ಒಬ್ಬರಿಗೆ ಜರ್ಮನಿಯಲ್ಲೋ ಕೆನಡಾದಲ್ಲೋ ಕೆಲಸ ಸಿಕ್ಕಿ, ಸಂಸಾರ ಅಲ್ಲಿಗೆ ಹೋಗುತ್ತದೆ. ಬೆಂಗಳೂರಿನ ಕೆಲಸವನ್ನು ಮಾತ್ರ ಬಿಡುವುದಿಲ್ಲ. ಅಲ್ಲಿಯ ಮನೆಯಲ್ಲಿ ಕೂತು ಇಲ್ಲಿಯ ಕೆಲಸ ನಡೆಯುತ್ತದೆ. ಸಂಬಳ ತಿಂಗಳು ತಿಂಗಳು ಇಲ್ಲಿಯ ಬ್ಯಾಂಕಿಗೇ ಜಮಾ ಆಗುತ್ತದೆ. 2020ರ ಕೋವಿಡ್ ಕಾಲದಲ್ಲಿ ತೋಟದ ಮನೆಯ ಜಗಲಿಯಲ್ಲಿ ಕೂತು ಕಂಪನಿಯ ಕೆಲಸ ಮಾಡಿದ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಜಗಲಿಯಿಂದ ಆಗುವ ಕೆಲಸ ಹೊರದೇಶದಿಂದ ಏಕೆ ಆಗಬಾರದು ಎಂಬುದು ಅವರ ವಾದ.

ಕೆಲಸವೇನೋ ಆಗುತ್ತದೆ. ಆದರೆ “ಕೆಲಸ ಇಲ್ಲಿಯದು, ಸಂಬಳ ಇಲ್ಲಿಯದು, ಆದ್ದರಿಂದ ಏನೂ ಬದಲಾಗಿಲ್ಲ” ಎಂದು ಹಿರಿಯರು ನಂಬಿ ಕೂರುವುದು ಸರಿಯಲ್ಲ. ಈ ನಂಬಿಕೆಯಿಂದ ಮಕ್ಕಳ ನೌಕರಿಗಷ್ಟೇ ಅಲ್ಲ, ನಮ್ಮ ತೋಟಗಳ ಪತ್ರಗಳಿಗೂ ತೊಂದರೆ ಬರುವ ಸಂಭವವಿದೆ. ಆದಕಾರಣ ಈ ವಿಚಾರವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲನೆಯದು ತೆರಿಗೆಯ ವಿಚಾರ. ಸಂಬಳ ಯಾವ ಊರಿನಿಂದ ಬಂತು ಎಂಬುದಕ್ಕಿಂತ, ದುಡಿಯುವಾಗ ಮನುಷ್ಯ ಎಲ್ಲಿ ಕೂತಿದ್ದ ಎಂಬುದೇ ಇಲ್ಲಿ ಮುಖ್ಯ. ಭಾರತಕ್ಕೂ ಜರ್ಮನಿಗೂ 1995ರಲ್ಲಿ ಆದ ಒಪ್ಪಂದವನ್ನೇ ನೋಡೋಣ. ಜರ್ಮನಿಯ ನಿವಾಸಿಯಾದವರು ಜರ್ಮನಿಯಲ್ಲಿದ್ದೇ ದುಡಿದರೆ, ಆ ಸಂಬಳದ ಮೇಲೆ ತೆರಿಗೆ ಹಾಕುವ ಹಕ್ಕು ಜರ್ಮನಿಯದು. ಇಲ್ಲಿಯ ಕಂಪನಿ ಎಂದಿನಂತೆ ಮೂಲದಲ್ಲೇ ತೆರಿಗೆ ಹಿಡಿದುಕೊಂಡಿತೆಂದು ಅಲ್ಲಿಯ ತೆರಿಗೆ ತಪ್ಪುವುದಿಲ್ಲ. ಅಲ್ಲಿಯ ನಿವಾಸದ ಪ್ರಮಾಣಪತ್ರ ತಂದು, ಇಲ್ಲಿ ಲೆಕ್ಕಪತ್ರ ಸಲ್ಲಿಸಿ, ಒಪ್ಪಂದದ ಅನುಕೂಲವನ್ನು ನಾವೇ ಕೇಳಿ ಪಡೆಯಬೇಕು. ಕೇಳದೆ ಸುಮ್ಮನಿದ್ದವರಿಗೆ ಒಂದೇ ಸಂಬಳದ ಮೇಲೆ ಎರಡು ಕಡೆ ತೆರಿಗೆ ಬೀಳಬಹುದು.

ಎರಡನೆಯದು ವಿಮೆ ಮತ್ತು ಪಿಂಚಣಿ. ಜರ್ಮನಿಯಲ್ಲಿ ಆರೋಗ್ಯ ವಿಮೆ ಕಡ್ಡಾಯ. ಆರೋಗ್ಯ, ಪಿಂಚಣಿ, ನಿರುದ್ಯೋಗ ಎಲ್ಲ ಸೇರಿ ಸಂಬಳದ ಶೇಕಡಾ 40ರಷ್ಟು ವಂತಿಗೆ ಆಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೌಕರನದು, ಅರ್ಧ ಕಂಪನಿಯದು. ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರಲ್ಲಿ ಜಾರಿಗೆ ಬಂದಿದೆ. ಅದರಂತೆ ಭವಿಷ್ಯ ನಿಧಿ ಕಚೇರಿಯಿಂದ ಪ್ರಮಾಣಪತ್ರ ತಂದವರು 48 ತಿಂಗಳವರೆಗೆ ಇಲ್ಲಿಯ ನಿಧಿಯಲ್ಲೇ ಮುಂದುವರಿಯಬಹುದು. ಆದರೆ ಅದು ಕಂಪನಿಯೇ ತನ್ನ ಕೆಲಸಕ್ಕಾಗಿ ಕಳಿಸಿದವರಿಗೆಂದು ಮಾಡಿದ ಏರ್ಪಾಡು. ಸಂಸಾರದ ಕಾರಣಕ್ಕೆ ತಾವಾಗಿ ಹೋದವರು ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಅಮೆರಿಕದೊಡನೆ ಅಂಥ ಒಪ್ಪಂದವೇ ಇಲ್ಲ. ಅಲ್ಲಿ ವಾಸದ ಅನುಮತಿ ಇದ್ದ ಮಾತ್ರಕ್ಕೆ ದುಡಿಯುವ ಅನುಮತಿ ಇರುವುದಿಲ್ಲ. ಎಚ್-4 ವೀಸಾದ ಮೇಲೆ ಹೋದ ಪತಿ ಪತ್ನಿಯರಲ್ಲಿ ಕೆಲವು ವರ್ಗದವರಿಗೆ ಮಾತ್ರ 2015ರಿಂದ ಕೆಲಸದ ಪರವಾನಗಿ ಸಿಗುತ್ತಿದೆ. ಉಳಿದವರು ಬೆಂಗಳೂರಿನ ಕೆಲಸ ತಾನೇ ಎಂದುಕೊಂಡು ಲ್ಯಾಪ್‌ಟಾಪ್ ತೆರೆಯುವ ಮೊದಲು ವಕೀಲರನ್ನು ಕೇಳುವುದು ಕ್ಷೇಮ.

ಇಷ್ಟನ್ನೆಲ್ಲ ಕಂಡ ಕೆಲವರು ಕಂಪನಿಗೆ ತಿಳಿಸದೆಯೇ ಹೋಗುತ್ತಾರೆಂದು ಕೇಳಿದ್ದೇವೆ. ಇದು ತೀರಾ ಅಪಾಯದ ದಾರಿ. ನೌಕರ ಅಲ್ಲಿ ಕೂತ ಕಾರಣದಿಂದ ಕಂಪನಿಯೇ ಆ ದೇಶದಲ್ಲಿ ವ್ಯಾಪಾರದ ನೆಲೆ ಹೂಡಿದೆಯೆಂದು ಅಲ್ಲಿಯ ತೆರಿಗೆಯವರು ಎಣಿಸುವ ಸಂದರ್ಭಗಳೂ ಇವೆ. ಹೀಗಾಗಿ ಗುಟ್ಟು ಬಯಲಾದ ದಿನ ಕಂಪನಿ ನೌಕರನ ಪರ ನಿಲ್ಲುತ್ತದೆಂದು ಹೇಳಲಾಗದು. ಇನ್ನು ಕೆಲವು ಕಂಪನಿಗಳು “ನೌಕರಿ ಬಿಡಿ, ಕಂಟ್ರಾಕ್ಟಿನ ಮೇಲೆ ಅದೇ ಕೆಲಸ ಮಾಡಿ” ಎನ್ನುತ್ತವೆ. ದಿನವೂ ದುಡಿಯುವ ಆಳನ್ನು ಪುಸ್ತಕದಲ್ಲಿ ಗುತ್ತಿಗೆದಾರ ಎಂದು ಬರೆದುಕೊಂಡ ಮಾತ್ರಕ್ಕೆ ತೋಟದ ಹೊಣೆ ಕಳಚುವುದಿಲ್ಲವೆಂಬುದು ಬೆಳೆಗಾರರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಜರ್ಮನಿಯ ಕಾನೂನೂ ಹೆಸರನ್ನು ನೋಡುವುದಿಲ್ಲ, ಕೆಲಸದ ಸ್ವರೂಪವನ್ನು ನೋಡುತ್ತದೆ.

ರೂಪಾಯಿಯ ಲೆಕ್ಕವೂ ಒಂದಿದೆ. 2014ರ ಸುಮಾರಿಗೆ ಡಾಲರಿಗೆ 60 ರೂಪಾಯಿಯ ಆಸುಪಾಸಿನಲ್ಲಿದ್ದ ವಿನಿಮಯ ದರ 2024ರಲ್ಲಿ 84ರ ಹತ್ತಿರ ಹೋಯಿತು. ರೂಪಾಯಿ ಇಳಿದರೆ ಕಾಫಿ ರಫ್ತಿಗೆ ಅನುಕೂಲ. ನಮ್ಮ ಬೆಲೆಗೆ ಅದರಿಂದ ತುಸು ಆಸರೆ. ಅದೇ ಇಳಿತ ರೂಪಾಯಿಯಲ್ಲಿ ಗಳಿಸಿ ಹೊರದೇಶದಲ್ಲಿ ಬಾಡಿಗೆ ಕಟ್ಟುವವರಿಗೆ ಪೆಟ್ಟು. ಹಿಂದೆ ಹೊರದೇಶದಲ್ಲಿದ್ದ ಮಗ ಮನೆಗೆ ಹಣ ಕಳಿಸುತ್ತಿದ್ದ. ಈ ಬಗೆಯ ನೌಕರಿಯಲ್ಲಿ ಇಲ್ಲಿಯ ಹಣವೇ ಅಲ್ಲಿಗೆ ಹೋಗಬೇಕಾಗುತ್ತದೆ. ಆದ್ದರಿಂದ ಮಗನ ಬೆಂಗಳೂರು ಸಂಬಳವನ್ನು ನಂಬಿ ತೋಟದ ಮೇಲೆ ಸಾಲ ಎತ್ತುವವರು ಎರಡು ಸಲ ಯೋಚಿಸಲಿ.

ಇನ್ನು ನಮಗೆ ಎಲ್ಲಕ್ಕಿಂತ ಹತ್ತಿರದ ವಿಚಾರ, ಜಮೀನು. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ದೃಷ್ಟಿಯಲ್ಲಿ, ಕೆಲಸಕ್ಕೆಂದು ಅಥವಾ ಇಂತಿಷ್ಟೇ ಕಾಲವೆಂದು ಹೇಳಲಾಗದಂತೆ ಹೊರದೇಶಕ್ಕೆ ನೆಲೆಸಲು ಹೋದವರು ಹೋದಂದಿನಿಂದಲೇ ಅನಿವಾಸಿಗಳು. ಆದಾಯ ತೆರಿಗೆಯವರು ಎಣಿಸುವ 182 ದಿನಗಳ ಲೆಕ್ಕಕ್ಕೆ ಇಲ್ಲಿ ಕಾಯುವಂತಿಲ್ಲ. ಸಂಬಳ ಬರುತ್ತಿರುವ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್.ಆರ್.ಓ. ಖಾತೆಯಾಗಿ ಬದಲಾಯಿಸಬೇಕು. ಅನಿವಾಸಿಗಳು ಮನೆಯನ್ನೋ ಫ್ಲಾಟನ್ನೋ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ವಾರಸಿಕೆಯಿಂದ ಬಂದದ್ದನ್ನು ಪಡೆಯಬಹುದು. ಇಲ್ಲಿ ವಾಸವಿದ್ದಾಗ ತಮ್ಮ ಹೆಸರಿನಲ್ಲಿದ್ದದ್ದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಿರುವವರಿಗೆ ಮಾರಬೇಕು.

ಪಕ್ಕದ ತೋಟ ಮಾರಾಟಕ್ಕೆ ಬಂದಾಗ “ಮಗನಿಗೆ ಬೆಂಗಳೂರಿನಲ್ಲೇ ಕೆಲಸ, ಅವನ ಹೆಸರಿನಲ್ಲೇ ಪತ್ರ ಆಗಲಿ” ಎನ್ನುವ ತಂದೆ ನಮ್ಮಲ್ಲಿ ಅಪರೂಪವಲ್ಲ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದಾದ ಮೇಲೆ ಈ ಧೈರ್ಯ ಇನ್ನಷ್ಟು ಹೆಚ್ಚಿದೆ. ಆದರೆ ರಾಜ್ಯದ ಆ ತಿದ್ದುಪಡಿಯಿಂದ ಕೇಂದ್ರದ ವಿದೇಶಿ ವಿನಿಮಯ ಕಾಯ್ದೆಯ ನಿರ್ಬಂಧ ಸಡಿಲವಾಗಿಲ್ಲ. ನೋಂದಣಿ ಕಚೇರಿಯಲ್ಲಿ ಪತ್ರ ಆಯಿತೆಂದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಕಾಯ್ದೆ ಮೀರಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಲು ಅವಕಾಶವಿದೆ. ಒಂದು ತಲೆಮಾರಿನ ಉಳಿತಾಯ ಕೊಚ್ಚಿಹೋಗಲು ಅಷ್ಟು ಸಾಕು.

ಹಾಗೆಂದು ಈ ಬಗೆಯ ನೌಕರಿಯೇ ಬೇಡವೆಂದು ನಾವು ಹೇಳುವುದಿಲ್ಲ. ಓದಿ, ಹತ್ತು ವರ್ಷ ದುಡಿದು ಒಂದು ಸ್ಥಾನಕ್ಕೆ ಬಂದ ನಮ್ಮ ಹೆಣ್ಣುಮಕ್ಕಳು ಗಂಡನ ವರ್ಗವಾಯಿತೆಂದು ಕೆಲಸ ಬಿಟ್ಟು ಅಡಿಗೆಮನೆ ಸೇರಿದ್ದನ್ನು ಸಾಕಷ್ಟು ಕಂಡಿದ್ದೇವೆ. ಹೊಸ ದೇಶದ ಭಾಷೆ ಕಲಿತು ಅಲ್ಲಿಯ ಕೆಲಸ ಹುಡುಕುವವರೆಗೆ ಹಳೆಯ ಕೆಲಸ ಕೈಹಿಡಿದರೆ ಅದು ದೊಡ್ಡ ಉಪಕಾರವೇ. ಆದರೆ ಅದನ್ನು ಹೊಳೆ ದಾಟಿಸುವ ಸಂಕವೆಂದು ತಿಳಿಯಬೇಕೇ ಹೊರತು, ಸಂಕದ ಮೇಲೆಯೇ ಮನೆ ಕಟ್ಟಬಾರದು. ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತೂವರೆಯಾದಾಗ ಜರ್ಮನಿಯಲ್ಲಿ ಚಳಿಗಾಲದ ಬೆಳಗಿನ ಐದು ಗಂಟೆ. ಕತ್ತಲಲ್ಲಿ ಎದ್ದು ಬೆಂಗಳೂರಿನವರೊಡನೆ ಮಾತಾಡಿ, ಸಂಜೆ ಊರವರ ಪರಿಚಯವಿಲ್ಲದೆ ಬಾಗಿಲು ಹಾಕಿಕೊಳ್ಳುವ ಬಾಳು ವರ್ಷಗಟ್ಟಲೆ ನಡೆಯತಕ್ಕದ್ದಲ್ಲ. ಹಾಗಿರುವವರು ಎರಡೂ ಊರಿನವರಾಗುವ ಬದಲು ಎರಡಕ್ಕೂ ಹೊರಗಿನವರಾಗಿಬಿಡುತ್ತಾರೆ.

ಕಂಪನಿಗಳಿಗೂ ಒಂದು ಮಾತು ಸಲ್ಲುತ್ತದೆ. ಒಳ್ಳೆಯ ಕೆಲಸಗಾರರನ್ನು ಉಳಿಸಿಕೊಳ್ಳಬೇಕೆಂದರೆ ಅವರನ್ನು ಆ ದೇಶದಲ್ಲಿ ಕ್ರಮವಾಗಿ ದಾಖಲಿಸಿ, ವಿಮೆಯ ಪಾಲನ್ನು ಕಟ್ಟಬೇಕು. ಇಲ್ಲವೇ ಅಂಥ ಕೆಲಸ ನೋಡಿಕೊಳ್ಳುವ ಅಲ್ಲಿಯ ಮಧ್ಯಸ್ಥ ಸಂಸ್ಥೆಯ ಮೂಲಕ ಸಂಬಳ ಕೊಡಬೇಕು. ಕೆಲಸದ ಲಾಭ ತನಗೆ, ಕಾನೂನಿನ ತೊಡಕು ನೌಕರನಿಗೆ ಎಂಬ ಹಂಚಿಕೆ ನ್ಯಾಯವಲ್ಲ.

ಸದಸ್ಯರಿಗೆ ನಮ್ಮ ಸಲಹೆ ಇಷ್ಟೆ. ಮಕ್ಕಳು ವಿಮಾನ ಹತ್ತುವ ಮೊದಲೇ ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಲಿ, ಎರಡೂ ದೇಶದ ತೆರಿಗೆ ಬಲ್ಲವರನ್ನು ಕಾಣಲಿ, ಬ್ಯಾಂಕಿಗೆ ತಿಳಿಸಲಿ. ಹಿರಿಯರು ತೋಟದ ಪತ್ರಗಳನ್ನು ತೆಗೆದು ನೋಡಿ, ಯಾವುದು ಯಾರ ಹೆಸರಿನಲ್ಲಿದೆ, ಮುಂದೆ ಯಾರಿಗೆ ಹೇಗೆ ಸಲ್ಲಬೇಕು ಎಂಬುದನ್ನು ವಕೀಲರ ಮುಂದೆ ಇತ್ಯರ್ಥ ಮಾಡಿಕೊಳ್ಳಲಿ. ಮರಣಶಾಸನ ಬರೆಯಲು ಸಂಕೋಚ ಬೇಡ. ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆದ ತೋಟ ಮಾತ್ರ ಕೊಳೆಯಿಂದ ಉಳಿಯುತ್ತದೆ. ಕಾಯಿ ಉದುರಿದ ಮೇಲೆ ದೋಟಿ ಹಿಡಿದು ಓಡಾಡಿ ಫಲವಿಲ್ಲ.