ಹಳಿ ಪಕ್ಕ ಊರು ಕಟ್ಟಿದರು, ಮತ ಬಿಟ್ಟುಕೊಟ್ಟರು

"ಮೊದಲು ನಾಲ್ಕು ಕಾಸು ದುಡೀರಿ, ಸ್ವಂತ ಜಮೀನು ಮಾಡ್ಕೊಳ್ಳಿ. ಹಕ್ಕು, ಮರ್ಯಾದೆ ಎಲ್ಲಾ ಆಮೇಲೆ ತಾನಾಗೇ ಬರುತ್ತೆ." ಕಟ್ಟೆ ಮೇಲೆ ಕೂತ ಹಿರಿಯರು ಇಂಥ ಬುದ್ಧಿಮಾತು ಹೇಳುವುದನ್ನು ನೀವೂ ಕೇಳಿರುತ್ತೀರಿ. ಕೇಳಿದಾಗ ಸರಿಯೇ ಅನ್ನಿಸುತ್ತದೆ. ಆದರೆ ಈ ಮಾತನ್ನು ಪೂರ್ತಿ ನಂಬಿ ಒಂದಿಡೀ ಊರನ್ನೇ ಕಟ್ಟಿ ನೋಡಿದ ಜನ ಇದ್ದಾರೆ. ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ, ರೈಲು ಹಳಿಯ ಪಕ್ಕ ಹುಟ್ಟಿದ ಆ ಸಣ್ಣ ಊರಿನ ಹೆಸರು ಮೌಂಡ್ ಬಾಯೂ. ಅದರ ಕಥೆ ಗೊತ್ತಾದ ಮೇಲೆ ನನಗಂತೂ ಈ ಬುದ್ಧಿಮಾತಿನ ಮೇಲಿನ ನಂಬಿಕೆ ಹೋಗಿದೆ.

ಊರು ಕಟ್ಟಿದ್ದು 1887ರಲ್ಲಿ. ಕಟ್ಟಿದವರು ಐಸಾಯ ಮಾಂಟ್ಗೊಮರಿ ಮತ್ತು ಅವರ ಸಂಬಂಧಿ ಬೆಂಜಮಿನ್ ಗ್ರೀನ್. ಇಬ್ಬರೂ ಗುಲಾಮರಾಗಿ ಹುಟ್ಟಿದ ಕಪ್ಪು ಜನ. ಅವರ ಒಡೆಯ ಜೋಸೆಫ್ ಡೇವಿಸ್. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಅಣ್ಣ ಈತ. ಯುದ್ಧ ಮುಗಿದ ಮೇಲೆ ಐಸಾಯ ಅವರ ತಂದೆ ಅದೇ ಒಡೆಯನ ಜಮೀನನ್ನು 3 ಲಕ್ಷ ಡಾಲರಿಗೆ, ಸಾಲದ ಮೇಲೆ ಕೊಂಡಿದ್ದರು. ನಿನ್ನೆವರೆಗೆ ಗುಲಾಮನಾಗಿದ್ದವನು ಇವತ್ತು ಒಡೆಯ! ಆದರೆ ಹೊಳೆ ಉಕ್ಕಿ ಬಂತು, ಹತ್ತಿ ಬೆಲೆ ಇಳಿಯಿತು, ಬಡ್ಡಿ ಬೆಳೆಯಿತು. ಜಮೀನು ಮತ್ತೆ ಡೇವಿಸ್ ಮನೆತನಕ್ಕೇ ಹೋಯಿತು.

ಅಪ್ಪನ ಜಮೀನು ಕೈಬಿಟ್ಟ ಹೊತ್ತಿನಲ್ಲೇ ಮಗನಿಗೆ ರೈಲು ಕಂಪನಿಯಿಂದ ಕರೆ ಬಂತು. ಮೆಂಫಿಸ್‌ನಿಂದ ವಿಕ್ಸ್‌ಬರ್ಗ್ ಕಡೆಗೆ ಹೊಸ ಹಳಿ ಹಾಕಿದ್ದ ಲೂಯಿವಿಲ್, ನ್ಯೂ ಆರ್ಲಿಯನ್ಸ್ ಅಂಡ್ ಟೆಕ್ಸಾಸ್ ಎಂಬ ಕಂಪನಿ ಅದು. ಹಳಿಯ ಎರಡೂ ಕಡೆ ಕಂಪನಿಗೆ ಸೇರಿದ ಜಮೀನು. ಆದರೆ ಅದು ಜೌಗು ಕಾಡು. ಸೊಳ್ಳೆ, ಮಲೇರಿಯಾ, ಕರಡಿ ಕಾಟ. ಕಾಡಿನಿಂದ ರೈಲಿಗೇನು ಬಾಡಿಗೆ ಹುಟ್ಟುತ್ತದೆ? ಜನ ಬಂದು ಬೆಳೆ ತೆಗೆದರೆ ತಾನೆ ಬೋಗಿ ತುಂಬುವುದು? ಬಿಳಿಯರು ಅಲ್ಲಿಗೆ ಬರಲು ಹಿಂದೇಟು ಹಾಕಿದರು. ಹಾಗಾಗಿ ಕಪ್ಪು ಜನರನ್ನು ಕರೆದರು. ಇದನ್ನು ಕಂಪನಿಯ ಉದಾರತೆ ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಲೆಕ್ಕಾಚಾರ.

ಮೊದಲು ಕೊಂಡದ್ದು 840 ಎಕರೆ. ಕೊಡಲಿ ಹಿಡಿದು ಕಾಡಿಗೆ ಇಳಿದರು. ಬೆಳೆ ಬರುವವರೆಗೆ ಹೊಟ್ಟೆಗೆ ಬೇಕಲ್ಲ, ಕಡಿದ ಮರವನ್ನೇ ಮಾರಿದರು. ಹಳಿಯ ಕೆಳಗೆ ಹಾಕುವ ಸ್ಲೀಪರ್ ಮರಗಳನ್ನು ಕಂಪನಿಗೇ ಕೊಟ್ಟು ಅದೇ ದುಡ್ಡಲ್ಲಿ ಬದುಕಿದರು. ಆಮೇಲೆ ಹತ್ತಿ ಬಂತು. 1898ರಲ್ಲಿ ಮೌಂಡ್ ಬಾಯೂಗೆ ಊರೆಂಬ ಅಧಿಕೃತ ಮಾನ್ಯತೆ ಸಿಕ್ಕಿತು, ಮಾಂಟ್ಗೊಮರಿ ಮೇಯರ್ ಆದರು. 1904ರಲ್ಲಿ ಚಾರ್ಲ್ಸ್ ಬ್ಯಾಂಕ್ಸ್ ಎಂಬವರು ಊರಿಗೇ ಒಂದು ಬ್ಯಾಂಕ್ ತೆರೆದರು. ಜಿನ್ನು, ಅಂಗಡಿ, ಶಾಲೆ, ಚರ್ಚು ಎಲ್ಲ ಬಂದವು. ಸುತ್ತಲಿನದೂ ಸೇರಿ ಸುಮಾರು 30,000 ಎಕರೆ ಕಪ್ಪು ಜನರ ಹೆಸರಿಗಿತ್ತು. 1907ರಲ್ಲಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ರೈಲು ನಿಲ್ಲಿಸಿ ಊರನ್ನು ಹೊಗಳಿ ಹೋದರು.

ನಮ್ಮ ಧಾರವಾಡ ಸೀಮೆಯ ಹತ್ತಿಗೂ ಆ ಕಡೆಗೂ ಹಳೇ ನಂಟಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನ್ಯೂ ಆರ್ಲಿಯನ್ಸ್ ಹತ್ತಿಬೀಜವನ್ನು ಕಂಪನಿ ಸರ್ಕಾರ 1840ರ ದಶಕದಲ್ಲಿ ತಂದು ಬೆಳೆಸಿದ್ದೇ ಧಾರವಾಡ-ಅಮೆರಿಕನ್ ಹತ್ತಿ. ಅಮೆರಿಕದಲ್ಲಿ ಯುದ್ಧ ನಡೆದಾಗ ಇಲ್ಲಿ ಬೆಲೆ ಏರಿತು, ಮುಗಿದ ಮೇಲೆ ಬಿದ್ದುಹೋಯಿತು. ಹತ್ತಿ ಬೆಳೆದವರಿಗೆ ಈ ಆಟ ಗೊತ್ತು.

ಈಗ ಮತದ ವಿಷಯಕ್ಕೆ ಬರೋಣ. ಯುದ್ಧದ ನಂತರ ಕಪ್ಪು ಗಂಡಸರಿಗೆ ಮತದ ಹಕ್ಕು ಸಿಕ್ಕಿತ್ತು. ಮಿಸಿಸಿಪ್ಪಿಯಲ್ಲಿ ಅವರೇ ಹೆಚ್ಚು ಸಂಖ್ಯೆಯಲ್ಲಿದ್ದರು. ಅದನ್ನು ತಪ್ಪಿಸಲೆಂದೇ 1890ರಲ್ಲಿ ಹೊಸ ರಾಜ್ಯ ಸಂವಿಧಾನ ಬರೆಯಲು ಸಭೆ ಕರೆದರು. ನೂರಕ್ಕೂ ಹೆಚ್ಚು ಪ್ರತಿನಿಧಿಗಳಲ್ಲಿ ಕಪ್ಪು ಮನುಷ್ಯ ಒಬ್ಬರೇ, ಮಾಂಟ್ಗೊಮರಿ. ಮತ ಹಾಕಲು 2 ಡಾಲರ್ ತೆರಿಗೆ ಕಟ್ಟಬೇಕು, ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು ಇಲ್ಲವೇ ಅರ್ಥ ಹೇಳಬೇಕು ಎಂಬ ನಿಯಮ ಬಂತು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಒಂದು ಲಕ್ಷಕ್ಕೂ ಹೆಚ್ಚು ಕಪ್ಪು ಮತದಾರರು ಮತ ಕಳೆದುಕೊಳ್ಳುತ್ತಾರೆ ಎಂದು ಮಾಂಟ್ಗೊಮರಿ ತಾವೇ ಲೆಕ್ಕ ಹಾಕಿದ್ದರು. ಆದರೂ ಅದರ ಪರವಾಗಿ ಮಾತಾಡಿದರು. ಮತ ಬಿಟ್ಟುಕೊಟ್ಟರೆ ಬಿಳಿಯರು ನಮ್ಮ ಪಾಡಿಗೆ ನಮ್ಮನ್ನು ಬದುಕಲು ಬಿಡುತ್ತಾರೆ ಎಂಬ ಆಸೆ.

ಹೋರಾಟಗಾರ ಫ್ರೆಡರಿಕ್ ಡಗ್ಲಾಸ್ ಇದನ್ನು ಕಟುವಾಗಿ ಖಂಡಿಸಿದರು. ನಾನೂ ಮಾಂಟ್ಗೊಮರಿ ಮಾಡಿದ್ದು ತಪ್ಪೆಂದೇ ಹೇಳುತ್ತೇನೆ. ಮೂರು ವರ್ಷದ ಹಿಂದೆ ಕಾಡು ಕಡಿದು ಕಟ್ಟಿದ ಊರು, ಸುತ್ತ ಬಂದೂಕು ಹಿಡಿದ ಬಿಳಿಯರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅವರು ಕೊಟ್ಟದ್ದು ತಮ್ಮೊಬ್ಬರ ಮತವನ್ನಲ್ಲ, ರಾಜ್ಯದ ಎಲ್ಲ ಕಪ್ಪು ಜನರ ಮತವನ್ನು. ಅವರನ್ನು ಕೇಳಿದವರು ಯಾರು?

ಬದಲಿಗೆ ಸಿಕ್ಕಿದ್ದೇನು? ರೈಲನ್ನೇ ನೋಡಿ. ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಬೋಗಿ ಇಡಬೇಕೆಂದು 1888ರಲ್ಲಿ ರಾಜ್ಯ ಕಾನೂನು ಮಾಡಿತ್ತು. ಅದನ್ನು ಪಾಲಿಸದ್ದಕ್ಕೆ ಕೇಸು ಬಿದ್ದದ್ದು ಯಾರ ಮೇಲೆ ಗೊತ್ತೆ? ಮೌಂಡ್ ಬಾಯೂಗೆ ಜಮೀನು ಮಾರಿದ ಅದೇ ಕಂಪನಿಯ ಮೇಲೆ. ಹೆಚ್ಚುವರಿ ಬೋಗಿಯ ಖರ್ಚು ಅದಕ್ಕೆ ಬೇಕಿರಲಿಲ್ಲ. 1890ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ತೀರ್ಪು ಕೊಟ್ಟಿತು. ತಾವೇ ಕಡಿದುಕೊಟ್ಟ ಸ್ಲೀಪರ್‌ಗಳ ಮೇಲೆ ಓಡುವ ರೈಲಿನಲ್ಲಿ ಊರವರು ಬೇರೆ ಬೋಗಿ ಹತ್ತಬೇಕಾಯಿತು.

ದುಡಿದು ಮೇಲೆ ಬಂದರೆ ಮರ್ಯಾದೆ ಸಿಗುತ್ತದೆ ಎಂಬುದೂ ಸುಳ್ಳಾಯಿತು. ಇದನ್ನು ಬರೆದಿಟ್ಟವರು ಸ್ವತಃ ಮಾಂಟ್ಗೊಮರಿ. 1904ರಲ್ಲಿ ಬೂಕರ್ ಟಿ. ವಾಷಿಂಗ್ಟನ್ ಅವರಿಗೆ ಬರೆದ ಪತ್ರದಲ್ಲಿ ವೆಸ್ಟ್ ಪಾಯಿಂಟ್ ಎಂಬ ಊರಿನ ಸಂಗತಿ ಇದೆ. ಅಲ್ಲೊಬ್ಬ ಕಪ್ಪು ಪಾದ್ರಿ ಒಳ್ಳೆಯ ಮುದ್ರಣಾಲಯ ನಡೆಸುತ್ತಿದ್ದರು. ಕುದುರೆ ಗಾಡಿ ಇತ್ತು, ಮನೆಯಲ್ಲಿ ಪಿಯಾನೋ ಇತ್ತು. ಇವರನ್ನು ನೋಡಿ ಅಡುಗೆಯವರು, ಬಟ್ಟೆ ಒಗೆಯುವವರು ಕೂಡ ಹೀಗೇ ಬದುಕಬೇಕು ಅಂದುಕೊಳ್ಳುತ್ತಾರೆ ಎಂದು ಬಿಳಿಯರು ಸಭೆ ಸೇರಿ ಅವರನ್ನು ಊರು ಬಿಡಿಸಿದರು. ಬಡತನಕ್ಕಲ್ಲ, ಚೆನ್ನಾಗಿ ಬದುಕಿದ್ದಕ್ಕೆ ಸಿಕ್ಕ ಶಿಕ್ಷೆ ಅದು.

ಮೌಂಡ್ ಬಾಯೂ ಬ್ಯಾಂಕ್ 1914ರಲ್ಲಿ ಮುಚ್ಚಿತು. 1920ರಲ್ಲಿ ಪೌಂಡಿಗೆ 40 ಸೆಂಟ್‌ವರೆಗೆ ಏರಿದ್ದ ಹತ್ತಿ ವರ್ಷ ಮುಗಿಯುವಷ್ಟರಲ್ಲಿ 15 ಸೆಂಟ್‌ಗಿಂತ ಕೆಳಗಿಳಿಯಿತು. ಎಷ್ಟೋ ಜನ ಜಮೀನು ಕಳೆದುಕೊಂಡು ಗೇಣಿದಾರರಾದರು. ಎಷ್ಟೋ ಜನ ಅದೇ ರೈಲು ಹತ್ತಿ ಉತ್ತರದ ನಗರಗಳಿಗೆ ಹೊರಟರು.

ಹಾಗಾದರೆ ಜಮೀನು ಮಾಡಿದ್ದು ವ್ಯರ್ಥವೇ? ಖಂಡಿತ ಅಲ್ಲ. 1955ರಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದಾಗ, ವಿಚಾರಣೆಗೆ ಬಂದ ಸಾಕ್ಷಿಗಳಿಗೆ, ಕಪ್ಪು ಪತ್ರಕರ್ತರಿಗೆ ಧೈರ್ಯವಾಗಿ ಉಳಿಯಲು ಜಾಗ ಕೊಟ್ಟದ್ದು ಮೌಂಡ್ ಬಾಯೂ. ಅಲ್ಲಿನ ಡಾ. ಹೊವಾರ್ಡ್ ಅವರ ಮನೆಗೆ ಬಂದೂಕಿನ ಕಾವಲಿತ್ತು. ಸ್ವಂತ ನೆಲ ಇದ್ದದ್ದರಿಂದ ಅಷ್ಟಾದರೂ ಆಯಿತು. ಆದರೆ ತೀರ್ಪು ಕೊಡುವ ಜ್ಯೂರಿಯನ್ನು ಆರಿಸುತ್ತಿದ್ದದ್ದು ಮತದಾರರ ಪಟ್ಟಿಯಿಂದ. ಆ ಕೌಂಟಿಯ ಪಟ್ಟಿಯಲ್ಲಿ ಒಬ್ಬ ಕಪ್ಪು ಮನುಷ್ಯನ ಹೆಸರೂ ಇರಲಿಲ್ಲ. ಹನ್ನೆರಡು ಜನ ಬಿಳಿ ಗಂಡಸರು ಒಳಗೆ ಹೋಗಿ, ಒಂದು ಗಂಟೆ ಚಿಲ್ಲರೆ ಹೊತ್ತಿನಲ್ಲಿ ಹೊರಬಂದು, ಆರೋಪಿಗಳನ್ನು ಬಿಟ್ಟು ಕಳಿಸಿದರು.